ರಾಯಚೂರಿನಲ್ಲಿ ಒಂದು ಸೆಕೆಂಡು

ಗಡಿಯಾರದ ಪ್ರಾಜೆಕ್ಟ್ ಕೈಗೆತ್ತಿಕೊಂಡ ವಿದ್ಯಾರ್ಥಿಗಳ ಗಮನವೆಲ್ಲ ಡಿಸ್‌ಪ್ಲೇ ಮೇಲಿರುತ್ತದೆ. ಅಂಕಿ ಕೆಂಪಾಗಿರಬೇಕೋ ನೀಲಿಯೋ, ಅಲಾರಂ ಬೇಕೋ ಬೇಡವೋ ಎಂದು ದಿನಗಟ್ಟಲೆ ಚರ್ಚೆ ನಡೆಯುತ್ತದೆ. ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ ಬಂದಿರುವ ನಾನು ಕೇಳುವ ಪ್ರಶ್ನೆ ಬೇರೆ: ನಿನ್ನ ಗಡಿಯಾರಕ್ಕೆ ಸೆಕೆಂಡು ಎಲ್ಲಿಂದ ಬರುತ್ತದೆ? ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ಉತ್ತರ ಅರ್ಧ ಶತಮಾನದಲ್ಲಿ ಹಲವು ಸಲ ಬದಲಾಗಿದೆ. ಆ ಬದಲಾವಣೆಗಳಲ್ಲಿ ನಮ್ಮ ಕಡೆಯ ಕರೆಂಟಿಗೂ ಬಿಸಿಲಿಗೂ ದೊಡ್ಡ ಪಾತ್ರವಿದೆ ಎಂದು ಅವರಿಗೆ ಯಾರಾದರೂ ಹೇಳಲೇಬೇಕು.

ಮೊದಲ ಉತ್ತರ ಗೋಡೆಯ ಪ್ಲಗ್ಗಿನಲ್ಲಿತ್ತು. ಅಮೆರಿಕದ ಹೆನ್ರಿ ವಾರೆನ್ ಸಿಂಕ್ರೊನಸ್ ಮೋಟಾರಿನಿಂದ ಓಡುವ ಗಡಿಯಾರ ಮಾಡಿದ. ಅಲ್ಲಿನ ಎಸಿ ಕರೆಂಟು ಸೆಕೆಂಡಿಗೆ 60 ಆವರ್ತ ಮುಗಿಸುತ್ತದೆ, ಮೋಟಾರು ಅದಕ್ಕೆ ತಕ್ಕಂತೆ ತಿರುಗುತ್ತದೆ, ಮುಳ್ಳು ಮುಂದೆ ಸಾಗುತ್ತದೆ. ತೊಂದರೆಯೆಂದರೆ, ಆಗಿನ ವಿದ್ಯುತ್ ಕೇಂದ್ರಗಳಲ್ಲಿ 60 ಎಂದರೆ ಹೆಚ್ಚುಕಡಿಮೆ 60. ಅದಕ್ಕಾಗಿ ವಾರೆನ್ 1916ರಲ್ಲಿ ಬಾಸ್ಟನ್ನಿನ ಎಡಿಸನ್ ಕಂಪನಿಯ ಕೇಂದ್ರದಲ್ಲಿ ಒಂದು ಮಾಸ್ಟರ್ ಗಡಿಯಾರ ಇರಿಸಿದ. ಅದಕ್ಕೆ ಎರಡು ಮುಳ್ಳು. ಒಂದನ್ನು ಲೋಲಕ ನಡೆಸುತ್ತಿತ್ತು, ಇನ್ನೊಂದನ್ನು ಆ ಕೇಂದ್ರವೇ ಹುಟ್ಟಿಸಿದ ಕರೆಂಟು. ಎರಡೂ ಜೊತೆಜೊತೆಯಾಗಿ ಹೋಗುವಂತೆ ಜನರೇಟರಿನ ವೇಗವನ್ನು ಏರಿಸಿ ಇಳಿಸುವುದು ಆಪರೇಟರನ ಕೆಲಸ. ಹಗಲು ಲೋಡು ಹೆಚ್ಚಾಗಿ ಹಿಂದೆ ಬಿದ್ದ ಸೆಕೆಂಡುಗಳನ್ನು ರಾತ್ರಿ ತುಂಬಿಕೊಟ್ಟರೆ ಊರಿನ ಗಡಿಯಾರಗಳೆಲ್ಲ ಮತ್ತೆ ಸರಿಯಾಗುತ್ತಿದ್ದವು. ಇಡೀ ಊರಿನ ಸಮಯಕ್ಕೆ ಒಬ್ಬ ನೌಕರ ಜವಾಬ್ದಾರನಾಗಿದ್ದ ಈ ಏರ್ಪಾಡನ್ನು ನಾನು ಪಾಠದಲ್ಲಿ ಎಂದೂ ಬಿಡುವುದಿಲ್ಲ.

1970ರ ದಶಕದಲ್ಲಿ ಗಡಿಯಾರದ ಐಸಿಗಳು ಬಂದಾಗ ಅವೂ ಇದೇ ನಂಬಿಕೆಯ ಮೇಲೆ ನಿಂತವು. ನ್ಯಾಷನಲ್ ಸೆಮಿಕಂಡಕ್ಟರ್‌ನ ಎಂಎಂ5314 ಚಿಪ್ಪಿನಲ್ಲಿ 50 ಅಥವಾ 60 ಹರ್ಟ್ಜ್ ಆರಿಸಿಕೊಳ್ಳಲು ಒಂದು ಪಿನ್ನೇ ಇತ್ತು. ಟ್ರಾನ್ಸ್‌ಫಾರ್ಮರಿನಿಂದ ಒಂದು ರೆಸಿಸ್ಟರ್ ಮೂಲಕ ಎಳೆ ಎಳೆದುಕೊಟ್ಟರೆ ಅದು ಆವರ್ತ ಎಣಿಸಿ ಗಂಟೆ ನಿಮಿಷ ತೋರಿಸುತ್ತಿತ್ತು. ಅಮೆರಿಕದಲ್ಲಿ ಅಂಥ ಗಡಿಯಾರ ತಿಂಗಳುಗಟ್ಟಲೆ ಸರಿಯಾಗಿ ನಡೆಯುತ್ತಿತ್ತು. ಅದೇ ಸರ್ಕ್ಯೂಟನ್ನು 50 ಹರ್ಟ್ಜ್‌ಗೆ ಹೊಂದಿಸಿ ಇಲ್ಲಿ ಕಟ್ಟಿದರೆ ಸಂಜೆಯೊಳಗೆ ಹಿಂದೆ ಬಿದ್ದಿರುತ್ತಿತ್ತು.

ಕಾರಣ ಸರ್ಕ್ಯೂಟಿನಲ್ಲಿ ಇರಲಿಲ್ಲ. ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದಿದ್ದರೆ ಜನರೇಟರುಗಳು ನಿಧಾನವಾಗುತ್ತವೆ, ಫ್ರೀಕ್ವೆನ್ಸಿ ಕುಸಿಯುತ್ತದೆ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ 48.5 ಹರ್ಟ್ಜ್‌ಗಿಂತ ಕೆಳಗೆ ಇಳಿಯುವುದು ಮಾಮೂಲಾಗಿತ್ತು. ಲೆಕ್ಕ ಹಾಕಿ ನೋಡಿ. 50ಕ್ಕೆ 1.5 ಕಡಿಮೆಯೆಂದರೆ ನೂರಕ್ಕೆ ಮೂರು. ಇಡೀ ದಿನ ಹಾಗೇ ಇದ್ದರೆ ಗಡಿಯಾರ 43 ನಿಮಿಷ ಹಿಂದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಮ್ಮ ಮಗ್ಗುಲಲ್ಲೇ ಇದ್ದರೂ ಇದರಿಂದ ಬಿಡುಗಡೆ ಇರಲಿಲ್ಲ, ಏಕೆಂದರೆ ಒಂದು ಗ್ರಿಡ್ಡಿಗೆ ಸೇರಿದವರೆಲ್ಲರಿಗೂ ಒಂದೇ ಫ್ರೀಕ್ವೆನ್ಸಿ. ಗ್ರಿಡ್ ಕುಸಿದಾಗ ಹೆಚ್ಚು ಎಳೆದುಕೊಂಡವರು ಹೆಚ್ಚು ಬೆಲೆ ತೆರಬೇಕು ಎಂಬ ದರಪದ್ಧತಿ 2003ರಲ್ಲಿ ದಕ್ಷಿಣಕ್ಕೆ ಬಂದ ಮೇಲೆ ಶಿಸ್ತು ಮೂಡಿತು. ಆಗಲೂ ದಕ್ಷಿಣದ ಗ್ರಿಡ್ ಉಳಿದ ದೇಶದಿಂದ ಬೇರೆಯಾಗಿಯೇ ಇತ್ತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದ ಲೈನಿನಲ್ಲಿ ಹರಿಯುತ್ತಿದ್ದದ್ದು ಡಿಸಿ. ಅದು ವಿದ್ಯುತ್ತನ್ನು ತರುತ್ತಿತ್ತು, ಫ್ರೀಕ್ವೆನ್ಸಿಯನ್ನು ತರುತ್ತಿರಲಿಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಚಾಲೂ ಆಗಿ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿನೊಂದಿಗೆ ಬೆಸೆದುಕೊಂಡಿತು. ಅಂದಿನಿಂದ ರಾಯಚೂರಿನ ಆವರ್ತವೂ ದಿಲ್ಲಿಯ ಆವರ್ತವೂ ಒಂದೇ. ಈ ಘಟನೆ ನಮ್ಮೂರಿನ ಹೆಸರಿನಲ್ಲಿ ನಡೆದಿದೆ ಎಂಬ ಅಭಿಮಾನ ನನಗಿದೆ, ವಿದ್ಯಾರ್ಥಿಗಳಿಗೂ ಇರಲಿ ಎಂದು ಬಯಸುತ್ತೇನೆ. ಹಾಗೆಂದು ಗಡಿಯಾರಕ್ಕೆ ಅದು ಸಾಕಾಗಲಿಲ್ಲ. ನಿಯಮದ ಮಿತಿ 49.90ರಿಂದ 50.05 ಹರ್ಟ್ಜ್. ದಿನವೆಲ್ಲ 49.95ರಲ್ಲಿ ನಿಂತರೂ 86 ಸೆಕೆಂಡು ಹಿಂದೆ. ಯುರೋಪಿನಲ್ಲಿ ಇಂದಿಗೂ ಅಡುಗೆಮನೆಯ ಓವನ್ನುಗಳ ಗಡಿಯಾರಗಳು ಗ್ರಿಡ್ಡನ್ನೇ ನಂಬಿವೆ. ಸರ್ಬಿಯಾ-ಕೊಸೊವೊ ಜಗಳದಿಂದ 2018ರ ಆರಂಭದಲ್ಲಿ ಫ್ರೀಕ್ವೆನ್ಸಿ ಕೂದಲೆಳೆಯಷ್ಟು ತಗ್ಗಿದ್ದಕ್ಕೆ ಅಲ್ಲಿನ 25 ದೇಶಗಳಲ್ಲಿ ಅವು ಸುಮಾರು ಆರು ನಿಮಿಷ ಹಿಂದೆ ಬಿದ್ದವು.

ನಮ್ಮವರು ಕ್ರಿಸ್ಟಲ್ಲಿಗೆ ಮೊರೆಹೋದದ್ದು ಈ ಹಿನ್ನೆಲೆಯಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ವಾರೆನ್ ಮ್ಯಾರಿಸನ್ ಮತ್ತು ಹಾರ್ಟನ್ 1927ರಲ್ಲಿ ಮಾಡಿದ ಕ್ವಾರ್ಟ್ಜ್ ಗಡಿಯಾರ ಪ್ರಯೋಗಾಲಯದಲ್ಲಿಡುವಂಥ ಯಂತ್ರ. 1969ರ ಕ್ರಿಸ್‌ಮಸ್ ದಿನ ಸೀಕೋ ಕಂಪನಿ ಅದನ್ನು ಕೈಗಡಿಯಾರಕ್ಕೆ ಇಳಿಸಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ರಿಸ್ಟಲ್ ಮುಂದೆ ರೂಢಿಗೆ ಬಂತು. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ, ಅದೇ ಸೆಕೆಂಡು.

ನಮ್ಮ ಲ್ಯಾಬಿಗೆ ಬಂದದ್ದು ಮಾತ್ರ 8051 ಮೈಕ್ರೋಕಂಟ್ರೋಲರ್, ಜೊತೆಗೆ 12 ಮೆಗಾಹರ್ಟ್ಜ್ ಕ್ರಿಸ್ಟಲ್. ಚಿಪ್ಪು ಅದನ್ನು ಒಳಗೇ 12ರಿಂದ ಭಾಗಿಸುವುದರಿಂದ ಒಂದು ಎಣಿಕೆಗೆ ಒಂದು ಮೈಕ್ರೋಸೆಕೆಂಡು. 50,000 ಎಣಿಸಿ ಇಂಟರಪ್ಟ್, ಅಂಥವು 20 ಬಂದರೆ ಒಂದು ಸೆಕೆಂಡು. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಪ್ರತಿ ಇಂಟರಪ್ಟಿನಲ್ಲಿ ಟೈಮರ್ ನಿಲ್ಲಿಸಿ, ಮತ್ತೆ ಸಂಖ್ಯೆ ತುಂಬಿ, ಓಡಿಸುವಷ್ಟರಲ್ಲಿ ಕೆಲವು ಮೈಕ್ರೋಸೆಕೆಂಡು ಜಾರುತ್ತದೆ. ಹತ್ತು ಜಾರಿದರೆ ದಿನಕ್ಕೆ 17 ಸೆಕೆಂಡು ಕಳೆದ ಹಾಗೆ. ಇದನ್ನು ಪತ್ತೆ ಮಾಡಲು ಇಡೀ ತರಗತಿಯ ಗಡಿಯಾರಗಳನ್ನು ಒಂದೇ ಮೇಜಿನ ಮೇಲೆ ಸಾಲಾಗಿ ಇಡಿಸುತ್ತೇನೆ. ಕೆಲವು ಮುಂದೆ, ಕೆಲವು ಹಿಂದೆ ಚದುರಿದ್ದರೆ ಅದು ಕ್ರಿಸ್ಟಲ್ಲುಗಳ ವ್ಯತ್ಯಾಸ. ಎಲ್ಲವೂ ಒಟ್ಟಾಗಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಎಲ್ಲರೂ ನಕಲು ಮಾಡಿಕೊಂಡ ಪ್ರೋಗ್ರಾಮಿನಲ್ಲಿ ದೋಷವಿದೆ. ಅವರವರ ಗಡಿಯಾರವನ್ನು ಒಂಟಿಯಾಗಿ ಮನೆಗೆ ಒಯ್ದರೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಆರ್ಡುಯಿನೊ ಬಂದ ಮೇಲೆ ಪ್ರೋಗ್ರಾಂ ಸುಲಭವಾಯಿತು, ಸೆಕೆಂಡು ಕೆಟ್ಟಿತು. ಊನೋ ಬೋರ್ಡಿನ ಮುಖ್ಯ ಚಿಪ್ಪಿಗೆ ಇರುವುದು ಸೆರಾಮಿಕ್ ರೆಸೊನೇಟರ್. ಅರ್ಧ ಪ್ರತಿಶತ ತಪ್ಪಿದರೂ ದಿನಕ್ಕೆ ಏಳು ನಿಮಿಷ.

ಹೀಗಾಗಿ ಗಡಿಯಾರಕ್ಕೆಂದೇ ಇರುವ ಡಿಎಸ್1307 ಚಿಪ್ಪು, 32,768ರ ಕ್ರಿಸ್ಟಲ್. ಇಲ್ಲಿ ಬಿಸಿಲು ಎದುರಾಗುತ್ತದೆ. ಈ ಕ್ರಿಸ್ಟಲ್ ಸರಿಯಾಗಿ ನಡೆಯುವುದು 25 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ, ದೂರ ಸರಿದಷ್ಟೂ ನಷ್ಟ ಅದರ ವರ್ಗದಂತೆ ಬೆಳೆಯುತ್ತದೆ. ಕೈಗಡಿಯಾರಕ್ಕೆ ಈ ಕಷ್ಟ ಕಡಿಮೆ, ಮೈಶಾಖ ಅದನ್ನು ಹದದಲ್ಲಿ ಇಟ್ಟಿರುತ್ತದೆ. ಮೇ ತಿಂಗಳಲ್ಲಿ ನಮ್ಮ ಲ್ಯಾಬು 40 ಮುಟ್ಟಿದಾಗ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಏಳೆಂಟು ಪಾಲು ಹಿಂದೆ, ಅಂದರೆ ತಿಂಗಳಿಗೆ 20 ಸೆಕೆಂಡು. ಬೆಂಗಳೂರಿನಲ್ಲಿ ಇದೇ ಬೋರ್ಡು ಇಷ್ಟು ಬಳಲುವುದಿಲ್ಲ.

ಈಗ ಎಲ್ಲರೂ ಕೊಳ್ಳುವ ಡಿಎಸ್3231 ಇದಕ್ಕೆ ನೇರ ಉತ್ತರ. ಕ್ರಿಸ್ಟಲ್ ಚಿಪ್ಪಿನ ಒಳಗೇ ಇದೆ. 64 ಸೆಕೆಂಡಿಗೊಮ್ಮೆ ಅದು ತನ್ನ ಉಷ್ಣತೆಯನ್ನು ಅಳೆದು, ಒಳಗಿನ ಕೆಪಾಸಿಟರುಗಳನ್ನು ಸೇರಿಸಿ ಕಳೆದು ವೇಗ ತಿದ್ದಿಕೊಳ್ಳುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದ ವ್ಯತ್ಯಾಸ. ಕೊಳ್ಳುವಾಗ ಚಿಪ್ಪಿನ ಹೆಸರಿನ ಕೊನೆಯ ಅಕ್ಷರ ನೋಡಿ. ಎಸ್‌ಎನ್ ಎಂದಿದ್ದರೆ ಒಳಗೆ ಕ್ವಾರ್ಟ್ಜ್, ಬರೀ ಎಂ ಎಂದಿದ್ದರೆ ಸಿಲಿಕಾನ್ ರೆಸೊನೇಟರ್, ನಿಖರತೆ ಒಂದು ಹೆಜ್ಜೆ ಕಡಿಮೆ. ಮಾರುಕಟ್ಟೆಯ ಅಗ್ಗದ ಮಾಡ್ಯೂಲಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಒಂದು ಡಯೋಡು ಮತ್ತು 200 ಓಮ್ ರೆಸಿಸ್ಟರ್ ಇರುತ್ತದೆ. ಅದಕ್ಕೆ ಚಾರ್ಜ್ ಆಗದ ಮಾಮೂಲಿ ಸಿಆರ್2032 ಹಾಕುವುದಾದರೆ ಆ ರೆಸಿಸ್ಟರನ್ನು ಕಿತ್ತುಹಾಕಲೇಬೇಕು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಕ್ರಿಸ್ಟಲ್ಲಿಗೂ ವಯಸ್ಸಾಗುತ್ತದೆ. ಅದಕ್ಕೆಂದೇ ಡಿಎಸ್3231ರಲ್ಲಿ ಒಂದು ರಿಜಿಸ್ಟರ್ ಖಾಲಿ ಬಿಟ್ಟಿದ್ದಾರೆ. ಅದರಲ್ಲಿ ಒಂದು ಅಂಕಿ ಹೆಚ್ಚಿಸಿದರೆ ವೇಗ ಹತ್ತು ಲಕ್ಷಕ್ಕೆ ಸುಮಾರು 0.1 ಪಾಲು ತಗ್ಗುತ್ತದೆ. ಎಷ್ಟು ತುಂಬಬೇಕೆಂದು ಚಿಪ್ಪಿಗೆ ಗೊತ್ತಿಲ್ಲ, ಡೇಟಾಶೀಟಿಗೂ ಗೊತ್ತಿಲ್ಲ. ಜಿಪಿಎಸ್ ಮಾಡ್ಯೂಲು ಸೆಕೆಂಡಿಗೊಮ್ಮೆ ಕೊಡುವ ಪಲ್ಸಿನ ಪಕ್ಕದಲ್ಲಿ ಚಿಪ್ಪಿನ ಪಲ್ಸನ್ನು ಇಟ್ಟು, ವಾರಗಟ್ಟಲೆ ಅಂತರ ಬರೆದುಕೊಂಡು, ಆ ಅಂಕಿಯನ್ನು ಕಂಡುಹಿಡಿಯಬೇಕು. ಈ ವರ್ಷದ ವಿದ್ಯಾರ್ಥಿಗಳಿಗೆ ಅದನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಲು ಹೇಳಿದ್ದೇನೆ.