ರಾಟಿಯೋ, ಕಂಡಿಕೆಯೋ? ಗಾಳದ ರೀಲು ನಡೆದು ಬಂದ ದಾರಿ

ಹೋದ ವರ್ಷ ದೀಪಾವಳಿ ಹೊತ್ತಿಗೆ ನಾನೂ ಒಂದು ರೀಲು ಕೊಂಡೆ. ಮೊಬೈಲಿನಲ್ಲಿ ನೋಡಿ ತರಿಸಿದ್ದು, 1,100 ರೂಪಾಯಿ. ಡಬ್ಬಿಯ ಮೇಲೆ ‘13 ಬೇರಿಂಗ್’ ಎಂದು ದೊಡ್ಡದಾಗಿ ಬರೆದಿತ್ತು. ಹಾನಗಲ್ಲ ಕಡೆಯ ಒಂದು ಕೆರೆಯಲ್ಲಿ ಮೂರನೇ ದಿನವೇ ದೊಡ್ಡ ಕಾಟ್ಲಾ ಗಾಳಕ್ಕೆ ಬಿತ್ತು. ಎರಡು ಸಲ ಜಗ್ಗಿತು. ರೀಲಿನೊಳಗೆ ‘ಕಟಕ್’ ಅಂತು. ಆಮೇಲೆ ಹಿಡಿಕೆ ಸುಮ್ಮನೆ ಗಿರಗಿರ ತಿರುಗಿತು. ಪಕ್ಕದಲ್ಲಿ ಬಿದಿರಿನ ಕೋಲು ಹಿಡಿದು ಕೂತಿದ್ದ ಸೋದರಮಾವ ನಕ್ಕು, “ಹದಿಮೂರು ಬೇರಿಂಗ್ ಅದಾವ ಅಂದಿ, ಒಂದರ ಕೆಲಸಕ್ಕ ಬಂತೇನಪಾ?” ಅಂದ.

ಈಗ ಶಿಗ್ಗಾಂವಿ, ಸವಣೂರ, ಹಿರೇಕೆರೂರು ಕಡೆಯ ಹುಡುಗರೂ ನನ್ನಂತೆಯೇ ಡಬ್ಬಿ ಓದಿ ರೀಲು ಕೊಳ್ಳುತ್ತಿದ್ದಾರೆ. ಡಬ್ಬಿ ಹೇಳದ ಮಾತು ಈ ಯಂತ್ರದ ಇತಿಹಾಸದಲ್ಲಿದೆ.

ಗಾಳ ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲು ‘ಪಾನುಂಗಲ್’ ಆಗಿದ್ದಾಗ ಇಲ್ಲಿ ಆಳುತ್ತಿದ್ದ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ತಿನಿಸು, ಕೋಲು, ದಾರ, ಗಾಳ ಎಲ್ಲವನ್ನೂ ಅಲ್ಲಿ ಹೇಳಿದ್ದಾನೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಆ ಭಾಗದ ಮೇಲೆ ಲೇಖನ ಬರೆದರು. ಜೋಳದ ದಂಟಿನ ಬೆಂಡು ಕಟ್ಟಿ, ಹಿಟ್ಟಿನ ಉಂಡೆ ಸಿಕ್ಕಿಸಿ ಕೂರುವ ನಮ್ಮ ಮಾವನ ವಿದ್ಯೆಗೆ ಅಷ್ಟು ಹಳೆಯ ಬೇರಿದೆ.

ರೀಲಿನ ಹಳೆಯ ಗುರುತು ಚೀನಾದಲ್ಲಿ ಸಿಗುತ್ತದೆ. ಮಾ ಯುವಾನ್ ಎಂಬ ಚಿತ್ರಕಾರ ಸುಮಾರು 1195ರಲ್ಲಿ ಬರೆದ ಚಿತ್ರದಲ್ಲಿ ದೋಣಿಯಲ್ಲಿ ಕೂತವನ ಕೋಲಿಗೆ ಸಣ್ಣ ಗಾಲಿಯೊಂದಿದೆ. ಅದು ಬಾವಿಯ ರಾಟಿಯ ಜಾತಿಯದು: ದಾರ ಹೋಗಬೇಕಾದರೆ ಗಾಲಿ ತಿರುಗಬೇಕು. ಮುಂದೆ 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಗಡಿಯಾರ ಕೆಲಸದ ಜಾರ್ಜ್ ಸ್ನೈಡರ್ ಹಲ್ಲುಗಾಲಿ ಇರುವ ರೀಲು ಮಾಡಿದ. ಅದರ ಹಿಡಿಕೆ ಒಂದು ಸುತ್ತು ತಿರುಗಿದರೆ ಗಾಲಿ ಹಲವು ಸುತ್ತು ತಿರುಗುತ್ತಿತ್ತು.

ಆದರೆ ರಾಟಿಗೆ ಒಂದು ತೊಂದರೆ ಇತ್ತು. ಹಗುರ ಗಾಳ ಎಸೆದರೆ ಗಾಲಿಯನ್ನು ತಿರುಗಿಸುವಷ್ಟು ಬಲ ಅದಕ್ಕಿರದು. ಜೋರಾಗಿ ಎಸೆದರೆ ಗಾಳ ನೀರಿಗೆ ಬಿದ್ದ ಮೇಲೂ ಗಾಲಿ ತಿರುಗುತ್ತಲೇ ಇದ್ದು ದಾರವೆಲ್ಲ ಗೂಡು ಕಟ್ಟಿಕೊಳ್ಳುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಬಟ್ಟೆ ಗಿರಣಿಯಲ್ಲಿ. ನೇಕಾರರ ಮನೆ ನೋಡಿದವರಿಗೆ ಕಂಡಿಕೆ ಗೊತ್ತು. ಲಾಳಿಯೊಳಗಿನ ಕಂಡಿಕೆ ತಿರುಗುವುದಿಲ್ಲ. ಅದರ ತುದಿಯಿಂದ ನೂಲು ತಾನೇ ಜಾರಿ ಬರುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ಊರು. ಅಲ್ಲಿನ ಗಿರಣಿ ಮಾಲೀಕ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಇದೇ ತತ್ವದ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ. ಎಸೆಯುವಾಗ ಉರುಳೆ ನಿಂತೇ ಇರುತ್ತದೆ, ದಾರ ಜಾರಿ ಹೋಗುತ್ತದೆ. ನಾವು ಇಂದು ‘ಸ್ಪಿನ್ನಿಂಗ್ ರೀಲು’ ಎನ್ನುವುದು ಇದರ ಸಂತಾನ.

ರೇಷ್ಮೆ ದಾರದ ಕಾಲದಲ್ಲಿ ಅದು ಸಾಮಾನ್ಯರಿಗೆ ಅಷ್ಟು ಬೇಗ ಮುಟ್ಟಲಿಲ್ಲ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಎರಡನೇ ಮಹಾಯುದ್ಧದ ನಂತರ ನೈಲಾನ್ ದಾರ ಅಗ್ಗವಾಯಿತು, ಫ್ರಾನ್ಸಿನ ‘ಮಿಚೆಲ್’ ರೀಲುಗಳು ಹಲವು ದೇಶಗಳಿಗೆ ಹೋದವು. ಜಪಾನಿನ ಶಿಮಾನೊ 1921ರಲ್ಲಿ ಶುರುವಾದದ್ದು ಸೈಕಲ್ ಬಿಡಿಭಾಗಕ್ಕೆ. 1970ರಲ್ಲಿ ಅದು ಮೀನಿನ ಸಾಮಾನಿಗೆ ಇಳಿಯಿತು. ಗಡಿಯಾರ, ಗಿರಣಿ, ಸೈಕಲ್ ಮೂರೂ ಸೇರಿ ಆದ ಯಂತ್ರವಿದು.

ಈ ಕಥೆಯಿಂದಲೇ ಆಯ್ಕೆಯ ದಾರಿ ಸಿಗುತ್ತದೆ. ಒಂದೊಂದು ಭಾಗವೂ ಒಂದೊಂದು ತೊಂದರೆಗೆ ಹುಟ್ಟಿದ್ದು. ನಿಮ್ಮ ತೊಂದರೆ ಯಾವುದು ಎಂದು ಮೊದಲು ಕೇಳಿಕೊಳ್ಳಿ.

ದಂಡೆಯ ಹತ್ತಿರ ಜಿಲೇಬಿ ಮೀನು ಹಿಡಿಯಲು ರೀಲೇ ಬೇಡ, ಬಿದಿರಿನ ಕೋಲು ಸಾಕು. ಹಗುರ ಗಾಳ ದೂರ ಬೀಳಬೇಕೆಂದರೆ ಕಂಡಿಕೆ ಜಾತಿಯ ಸ್ಪಿನ್ನಿಂಗ್ ರೀಲು ಒಳ್ಳೆಯದು. ರಾಟಿ ಜಾತಿಯ ರೀಲು ಭಾರದ ಗಾಳಕ್ಕೆ, ಪಳಗಿದ ಕೈಗೆ.

ರೀಲಿನ ಮೇಲಿನ 2500, 4000 ಎಂಬ ಅಂಕಿ ಗಾತ್ರದ್ದು, ತಾಕತ್ತಿನದಲ್ಲ. ರೋಹು, ಮೃಗಾಲ್‌ಗೆ 2500 ಅಥವಾ 3000 ನಡೆಯುತ್ತದೆ. ದೊಡ್ಡ ಕಾಟ್ಲಾ ಇರುವ ಕೆರೆಗೆ 4000 ಇರಲಿ. ‘5.2:1’ ಎಂದಿದ್ದರೆ ಹಿಡಿಕೆಯ ಒಂದು ಸುತ್ತಿಗೆ ದಾರ ಸುತ್ತುವ ಭಾಗ 5.2 ಸುತ್ತು ತಿರುಗುತ್ತದೆ ಎಂದರ್ಥ.

ಎಲ್ಲಕ್ಕಿಂತ ಮುಖ್ಯ ಡ್ರ್ಯಾಗ್. ಹೋರಿ ಜಗ್ಗಿದಾಗ ಹಗ್ಗ ಬಿಟ್ಟು ಬಿಟ್ಟು ಹಿಡಿಯುತ್ತೇವಲ್ಲ, ಅದೇ ಕೆಲಸ ಇದರದು. ದಾರ 4 ಕಿಲೋ ಭಾರಕ್ಕೆ ಹರಿಯುವಂಥದ್ದಾದರೆ, ಸುಮಾರು 1 ಕಿಲೋ ಎಳೆತಕ್ಕೆ ಜಾರುವಂತೆ ಡ್ರ್ಯಾಗ್ ಇಡಿ. ಅಂಗಡಿಯಲ್ಲೇ ದಾರ ಜಗ್ಗಿ ನೋಡಿ: ತಡೆತಡೆದು ಬಂದರೆ ಬೇಡ, ಒಂದೇ ಸಮ ಜಾರಿದರೆ ಸೈ. ಹಿಡಿಕೆ ಲಟಲಟ ಅಲುಗಾಡಬಾರದು. ಸಡಿಲ ಹಲ್ಲುಗಾಲಿಗೆ 13 ಬೇರಿಂಗ್ ಕೂಡಿಸಿದರೂ ಅದು ಗಟ್ಟಿಯಾಗದು. ನಾನು ಡ್ರ್ಯಾಗ್ ಪೂರ್ತಿ ಬಿಗಿದಿದ್ದೆ. ಮೀನಿನ ಎಳೆತವೆಲ್ಲ ಆ ಹಲ್ಲುಗಾಲಿಯ ಮೇಲೆ ಬಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಇನ್ನೊಂದು ಮಾತು. ಸೋಮೇಶ್ವರನದು ರಾಜನ ವಿನೋದ, ಯಾರನ್ನೂ ಕೇಳಬೇಕಿರಲಿಲ್ಲ. ಇಂದಿನ ಕೆರೆಯ ಕಾಟ್ಲಾ, ರೋಹು ಹೆಚ್ಚಾಗಿ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿಗಳು. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಮನೆ ಅದರ ಮೇಲೆ ನಡೆಯುತ್ತದೆ. ಅವರನ್ನು ಕೇಳಿಯೇ ಗಾಳ ಹಾಕಿ.

ಮೊನ್ನೆ ಮಾವನಿಗೆ ಈ ಇಲ್ಲಿಂಗ್‌ವರ್ತ್ ಕಥೆ ಹೇಳಿದೆ. ಸುಮ್ಮನೆ ಕೇಳಿ, “ಕಂಡಿಕಿ ನಮ್ಮೂರಾಗೂ ಇತ್ತಲ್ಲೋ, ನಮಗ್ಯಾಕ ಹೊಳೀಲಿಲ್ಲ?” ಅಂದ. ಉತ್ತರ ಕೊಡುವಷ್ಟರಲ್ಲಿ ಅವನ ಬೆಂಡು ಮುಳುಗಿತು.