ಮುಖವಾಡ ಯಾರದು, ಹೆಸರು ಯಾರದು?

ಮೊದಲು ಒಂದು ಚೆಕ್ ಬಗ್ಗೆ ಹೇಳ್ತೀನಿ. ತಾರೀಖು 1938ರ ಮಾರ್ಚ್ 1. ಮೊತ್ತ 412 ಡಾಲರ್. ನಾಲ್ಕಾರು ಕೆಲಸಗಳ ಬಾಬ್ತು ಒಟ್ಟಿಗೆ ಸೇರಿಸಿ ಬರೆದದ್ದು. ಅದರಲ್ಲಿ ಒಂದು ಸಾಲು ‘ಸೂಪರ್‌ಮ್ಯಾನ್’, ಅದರ ಎದುರಿಗೆ 130 ಡಾಲರ್. ಅಷ್ಟೇ! ಕೆಂಪು ಮೇಲುಹೊದಿಕೆಯ ಆ ಹೀರೋನ ಸಂಪೂರ್ಣ ಹಕ್ಕು ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರ ಕೈಯಿಂದ ಕಂಪನಿಯ ಕೈಗೆ ಹೋಗಿದ್ದು ಆ 130 ಡಾಲರ್‌ಗೆ.

ತಮಾಷೆ ಏನು ಗೊತ್ತಾ? ಚೆಕ್ ಬರೆದವರು ಆ ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು. ಹಾಗಾಗಿ ಹಿಂಬದಿಯಲ್ಲಿ ಇಬ್ಬರೂ ಎರಡೆರಡು ಸಲ ಸಹಿ ಹಾಕಿದರು, ಒಮ್ಮೆ ತಪ್ಪು ಹೆಸರಲ್ಲಿ, ಒಮ್ಮೆ ಸರಿ ಹೆಸರಲ್ಲಿ. ಎರಡು ಹೆಸರಿನ ನಾಯಕನನ್ನು ಹುಟ್ಟಿಸಿದವರು ಎರಡು ಹೆಸರಲ್ಲಿ ಸಹಿ ಹಾಕಿ ಅವನನ್ನು ಕಳೆದುಕೊಂಡರು. 2012ರಲ್ಲಿ ಅದೇ ಚೆಕ್ ಹರಾಜಾಯಿತು. ಹೋಗಿದ್ದು 1,60,000 ಡಾಲರ್‌ಗೆ!

ಸೂಪರ್‌ಹೀರೋ ಸಿನಿಮಾ ನೋಡಿ ಬಂದ ಮೇಲೆ ನಾವೆಲ್ಲ ಚರ್ಚೆ ಮಾಡೋದು ಒಂದೇ ಪ್ರಶ್ನೆ. ಮುಖವಾಡ ಹಾಕಿದವನು ನಿಜವಾ, ತೆಗೆದವನು ನಿಜವಾ? ಒಳ್ಳೆಯ ಪ್ರಶ್ನೆಯೇ. ಆದರೆ ಈ ಮುಖವಾಡದ ಇತಿಹಾಸ ನೋಡಿದರೆ ಇನ್ನೊಂದು ಪ್ರಶ್ನೆ ಎದ್ದು ಬರುತ್ತೆ. ಅಲ್ಲಿಗೇ ಹೋಗೋಣ, ಆದರೆ ಬುಡದಿಂದ.

ನಾನು ಇಂಜಿನಿಯರಿಂಗ್ ಓದಿದವನು. ಯಾವ ವಸ್ತು ಕಂಡರೂ ‘ಇದು ಮಾಡೋ ಕೆಲಸ ಏನು?’ ಅಂತ ಕೇಳೋ ಚಾಳಿ. ಮುಖವಾಡ ಮಾಡೋ ಕೆಲಸ ಏನು? ಮುಖ ಮುಚ್ಚೋದು ಅಂತೀರಿ. ಇತಿಹಾಸ ಬೇರೆ ಉತ್ತರ ಕೊಡುತ್ತೆ.

ಹಂಗೇರಿಯಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ ಬ್ಯಾರೊನೆಸ್ ಓರ್ಟ್ಸಿ ಎಂಬ ಲೇಖಕಿ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಬರೆದರು. 1903ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ನಾಟಕವಾಗಿ ಬಂತು, 1905ರಲ್ಲಿ ಕಾದಂಬರಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗಿಲೊಟಿನ್‌ಗೆ ಹೋಗಬೇಕಾದವರನ್ನು ಪಾರು ಮಾಡೋ ಇಂಗ್ಲಿಷ್ ಸಾಹಸಿಯ ಕಥೆ. ಆದರೆ ಊರಿನ ಕಣ್ಣಿಗೆ ಆತ ಸರ್ ಪರ್ಸಿ, ಬಟ್ಟೆಯ ಶೋಕಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಪೆದ್ದ ಶ್ರೀಮಂತ. ಇಲ್ಲಿ ಮುಚ್ಚಿಟ್ಟಿದ್ದು ಮುಖವನ್ನಲ್ಲ, ಬುದ್ಧಿಯನ್ನು. ‘ಇವನಾ? ಇವನ ಕೈಲಿ ಏನಾಗುತ್ತೆ ಬಿಡಿ’ ಅನ್ನೋ ಜನರ ತಾತ್ಸಾರವೇ ಅವನ ರಕ್ಷಾಕವಚ.

1919ರಲ್ಲಿ ಜಾನ್‌ಸ್ಟನ್ ಮೆಕಲಿ ಅದೇ ಸೂತ್ರವನ್ನು ಕ್ಯಾಲಿಫೋರ್ನಿಯಾಗೆ ತಂದರು. ಹಗಲು ಸೋಮಾರಿ ಡಾನ್ ಡಿಯೆಗೊ, ರಾತ್ರಿ ಕಪ್ಪು ಮುಖವಾಡದ ಜೋರೊ. 1920ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಅದನ್ನು ಮೂಕಿ ಚಿತ್ರವಾಗಿಸಿದರು. ಅಮೆರಿಕದ ಹುಡುಗರು ಆ ಸಿನಿಮಾಗೆ ಮರುಳಾದರು. ಆ ಹುಡುಗರಲ್ಲೇ ಇಬ್ಬರು, ಕ್ಲೀವ್‌ಲ್ಯಾಂಡ್ ನಗರದ ಗ್ಲೆನ್‌ವಿಲ್ ಹೈಸ್ಕೂಲಿನ ನಮ್ಮ ಸೀಗಲ್ ಮತ್ತು ಶುಸ್ಟರ್.

ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಇಬ್ಬರಿಗೂ ಕನ್ನಡಕ. ಇಬ್ಬರೂ ನಾಚಿಕೆ ಸ್ವಭಾವದವರು. ಸೀಗಲ್ ಅವರ ಅಪ್ಪನದು ಬಟ್ಟೆ ಅಂಗಡಿ. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದಾಗ ಆ ಅಪ್ಪ ಕುಸಿದುಬಿದ್ದು ಪ್ರಾಣ ಬಿಟ್ಟರು. ಗುಂಡು ತಾಗಿದರೂ ಏನೂ ಆಗದ ಮನುಷ್ಯನ ಕಲ್ಪನೆ ಆ ಮನೆಯಿಂದ ಬಂತು. ಅಪ್ಪನ ಸಾವಿಗೂ ಆ ಕಲ್ಪನೆಗೂ ನೇರ ಸಂಬಂಧ ಇದೆ ಅಂತ ಮಗ ಹೇಳಿಕೊಂಡವರಲ್ಲ. ಅದನ್ನು ನಿಮ್ಮ ಊಹೆಗೇ ಬಿಡ್ತೀನಿ. ಕ್ಲಾರ್ಕ್ ಕೆಂಟ್ ಬಗ್ಗೆ ಮಾತ್ರ ಸೀಗಲ್ ಬಾಯಿಬಿಟ್ಟು ಹೇಳಿದ್ದರು. ತಾನು ಇಷ್ಟಪಟ್ಟ ಹುಡುಗಿಯರು ತನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ, ತನ್ನೊಳಗೆ ವಿಶೇಷವಾದದ್ದು ಏನೋ ಇದೆ ಅಂತ ಅವರಿಗೆ ತಿಳಿದಿದ್ದರೆ... ಆ ‘ತಿಳಿದಿದ್ದರೆ’ಯಿಂದ ಹುಟ್ಟಿದವನೇ ಕ್ಲಾರ್ಕ್ ಕೆಂಟ್.

ಒಂದು ಗಮನಿಸಿ. ಸೂಪರ್‌ಮ್ಯಾನ್‌ಗೆ ಮುಖವಾಡವೇ ಇಲ್ಲ! ಹಾರುವಾಗ ಅವನ ಮುಖ ಬಯಲು. ಆಫೀಸಿಗೆ ಹೋಗುವಾಗಲೇ ಕನ್ನಡಕ, ಗೂನು ಬೆನ್ನು, ತಡವರಿಸುವ ಮಾತು. ಹಾಗಾದರೆ ವೇಷ ಯಾವುದು? 1965ರಲ್ಲಿ ಜೂಲ್ಸ್ ಫೈಫರ್ ಎಂಬ ವ್ಯಂಗ್ಯಚಿತ್ರಕಾರ ಇದನ್ನೇ ಎತ್ತಿ ಹೇಳಿದರು: ಸೂಪರ್‌ಮ್ಯಾನ್ ನಿಜ, ಕ್ಲಾರ್ಕ್ ವೇಷ. 2004ರ ‘ಕಿಲ್ ಬಿಲ್’ ಎರಡನೇ ಭಾಗದಲ್ಲಿ ಖಳನಾಯಕ ಇದೇ ವಾದವನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾನೆ. ಅಂಜುಬುರುಕ ಕ್ಲಾರ್ಕ್ ಅಂದರೆ ಸೂಪರ್‌ಮ್ಯಾನ್ ಮನುಷ್ಯಕುಲದ ಮೇಲೆ ಮಾಡಿದ ಟೀಕೆ ಅಂತಾನೆ. ಆದರೆ 1986ರಲ್ಲೇ ಜಾನ್ ಬರ್ನ್ ಎಂಬ ಕಾಮಿಕ್ಸ್ ಕಲಾವಿದ ಇದನ್ನು ತಿರುಗಿಸಿ ಹಾಕಿದ್ದರು. ಅವರ ಕಥೆಯಲ್ಲಿ ರೈತ ದಂಪತಿ ಸಾಕಿದ ಕ್ಲಾರ್ಕೇ ನಿಜ, ಸೂಪರ್‌ಮ್ಯಾನ್ ಅವನು ಮಾಡುವ ಕೆಲಸ.

ನನ್ನನ್ನು ಕೇಳಿದರೆ, 1978ರ ‘ಸೂಪರ್‌ಮ್ಯಾನ್’ ಸಿನಿಮಾದ ಒಂದು ದೃಶ್ಯ ಈ ಜಗಳಕ್ಕೆ ಉತ್ತರ ಕೊಟ್ಟಿದೆ. ನಟ ಕ್ರಿಸ್ಟೋಫರ್ ರೀವ್. ಲೋಯಿಸ್ ಮನೆಯಲ್ಲಿ ಆಕೆ ಪಕ್ಕದ ಕೋಣೆಗೆ ಹೋದಾಗ ಕ್ಲಾರ್ಕ್ ಸತ್ಯ ಹೇಳಿಬಿಡೋಣ ಅಂದುಕೊಳ್ತಾನೆ. ಕನ್ನಡಕ ತೆಗೆದ, ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು. ಅದೇ ಕೋಟು, ಅದೇ ಟೈ, ಆದರೆ ಎದುರಿಗೆ ಬೇರೆ ಮನುಷ್ಯ! ಆಮೇಲೆ ಮನಸ್ಸು ಬದಲಾಗಿ ಮತ್ತೆ ಕುಗ್ಗುತ್ತಾನೆ. ನೋಡಿ, ಅಲ್ಲಿ ನಿಜವಾದವನು ಕ್ಲಾರ್ಕೂ ಅಲ್ಲ, ಸೂಪರ್‌ಮ್ಯಾನೂ ಅಲ್ಲ. ‘ಹೇಳಲಾ, ಬೇಡವಾ’ ಅಂತ ನಡುವೆ ನಿಂತು ತೀರ್ಮಾನ ಮಾಡಿದನಲ್ಲ, ಅವನು. ನಿಜವಾದ ಶಕ್ತಿ ಹಾರೋದರಲ್ಲಿಲ್ಲ. ತಾನು ಯಾರು ಅಂತ ಯಾವಾಗ, ಯಾರಿಗೆ ಹೇಳಬೇಕು ಅನ್ನೋ ತೀರ್ಮಾನ ತನ್ನ ಕೈಯಲ್ಲೇ ಇರೋದರಲ್ಲಿದೆ.

ಈಗ ಆ ಇನ್ನೊಂದು ಪ್ರಶ್ನೆಗೆ ಬರ್ತೀನಿ. ಈ ಶಕ್ತಿಯನ್ನು ಕಾಗದದ ಮೇಲೆ ಕೊಟ್ಟವರಿಗೆ ಅದು ಸಿಕ್ಕಿತಾ?

1947ರಲ್ಲಿ ಸೀಗಲ್, ಶುಸ್ಟರ್ ಹಕ್ಕಿಗಾಗಿ ಕೋರ್ಟಿಗೆ ಹೋದರು. ಮರುವರ್ಷ ರಾಜಿ ಆಯಿತು, ಹಕ್ಕು ಸಿಗಲಿಲ್ಲ. ಆಮೇಲೆ ಕಾಮಿಕ್ಸ್ ಪುಟಗಳಿಂದ ಅವರ ಹೆಸರೂ ಮಾಯ. ಸುಮಾರು ಕಾಲು ಶತಮಾನ ಸೂಪರ್‌ಮ್ಯಾನ್ ತಂದೆತಾಯಿ ಇಲ್ಲದ ಮಗುವಿನ ಹಾಗೆ ಹಾರಾಡಿದ. 1975ರಲ್ಲಿ ದೊಡ್ಡ ಸಿನಿಮಾ ತಯಾರಾಗುತ್ತಿದೆ ಅನ್ನೋ ಸುದ್ದಿ ಬಂದಾಗ ಸೀಗಲ್ ತಡೆಯಲಾರದೆ ತಮ್ಮ ಕಥೆಯನ್ನೆಲ್ಲ ಬರೆದು ಪತ್ರಿಕೆಗಳಿಗೆ ಕಳಿಸಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್‌ರಂಥ ಕಲಾವಿದರು ಜೊತೆಗೆ ನಿಂತರು. ಸುದ್ದಿ ಟಿವಿಗೂ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಬಗ್ಗಿತು. ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರ್, ಜೊತೆಗೆ ಹೆಸರು ವಾಪಸ್. 1978ರಲ್ಲಿ ಬೆಳ್ಳಿತೆರೆಯ ಮೇಲೆ ಆ ಎರಡು ಹೆಸರು ಮೂಡಿದವು.

ಬ್ಯಾಟ್‌ಮ್ಯಾನ್ ಕಥೆ ಇನ್ನೂ ಕಹಿ. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್ ಮೇಲೆ ದಶಕಗಟ್ಟಲೆ ಇದ್ದದ್ದು ಬಾಬ್ ಕೇನ್ ಒಬ್ಬರದೇ ಹೆಸರು. ಆದರೆ ಮೊದಲ ಕಥೆ ಬರೆದವರು ಬಿಲ್ ಫಿಂಗರ್. ಆ ಚೂಪು ಕಿವಿಯ ಮುಖಗವಸು, ಬಾವಲಿ ರೆಕ್ಕೆಯಂಥ ಮೇಲುಹೊದಿಕೆ, ಬ್ರೂಸ್ ವೇನ್ ಅನ್ನೋ ಹೆಸರು, ಗೋಥಮ್ ಅನ್ನೋ ಊರು, ಎಲ್ಲದರ ಹಿಂದೆ ಇದ್ದವರು ಅವರೇ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಕೊನೆಯಲ್ಲಿ ಬಾಲ್ಯದ ಗೆಳತಿ ಬ್ರೂಸ್‌ಗೆ ಒಂದು ಮಾತು ಹೇಳ್ತಾಳೆ. ನಿನ್ನ ಈ ಮುಖವೇ ಮುಖವಾಡ, ಅಪರಾಧಿಗಳು ಹೆದರುವ ಮುಖವೇ ನಿನ್ನ ಅಸಲಿ ಮುಖ ಅಂತ. ಥಿಯೇಟರ್‌ನಲ್ಲಿ ಎಲ್ಲರೂ ತಲೆದೂಗಿದರು. ಆದರೆ ಆ ಅಸಲಿ ಮುಖವನ್ನು ಕಲ್ಪಿಸಿದವನ ಹೆಸರು ಸೃಷ್ಟಿಕರ್ತನ ಸಾಲಿನಲ್ಲಿ ಇರಲೇ ಇಲ್ಲ! ಫಿಂಗರ್ ತೀರಿಕೊಂಡದ್ದು 1974ರಲ್ಲಿ. ಅಧಿಕೃತವಾಗಿ ಹೆಸರು ಸೇರಿದ್ದು 2015ರಲ್ಲಿ. 41 ವರ್ಷ ತಡ.

ಇನ್ನೊಂದು ಪದರ ಇದೆ. ಬಾಬ್ ಕೇನ್ ಹುಟ್ಟುಹೆಸರು ರಾಬರ್ಟ್ ಕಾನ್. ಜ್ಯಾಕ್ ಕರ್ಬಿ ಅಂದರೆ ಜೇಕಬ್ ಕರ್ಟ್ಸ್‌ಬರ್ಗ್. ಸ್ಟಾನ್ ಲೀ ಅಂದರೆ ಸ್ಟಾನ್ಲಿ ಲೀಬರ್. ಎಲ್ಲರೂ ಯಹೂದಿ ಮನೆಯ ಮಕ್ಕಳು. ಯಹೂದಿ ಹೆಸರು ಕೇಳಿದರೆ ಎಷ್ಟೋ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಅಮೆರಿಕ ಅದು. ಸ್ಟಾನ್ ಲೀ ಕೊಟ್ಟ ಕಾರಣವಂತೂ ಬೇರೆಯೇ: ಅಸಲಿ ಹೆಸರನ್ನು ಮುಂದೆ ಬರೆಯಲಿರುವ ಮಹಾ ಕಾದಂಬರಿಗೆ ಎತ್ತಿಟ್ಟಿದ್ದರಂತೆ! ಆ ಕಾದಂಬರಿ ಬರಲೇ ಇಲ್ಲ. ಕೊನೆಗೆ ಸ್ಟಾನ್ ಲೀ ಅನ್ನೋದನ್ನೇ ಕಾನೂನು ಪ್ರಕಾರ ತಮ್ಮ ಹೆಸರು ಮಾಡಿಕೊಂಡರು. ವೇಷವೇ ಮುಖವಾಯಿತು.

ನಮ್ಮ ದೇಶಕ್ಕೂ ಈ ಸೂತ್ರ ಬಂತು. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾಯಿತು. ಉಬ್ಬುಹಲ್ಲು, ಕನ್ನಡಕದ ಗಂಗಾಧರ ಕೆಲಸ ಮಾಡೋದು ಪತ್ರಿಕೆಯಲ್ಲಿ, ಕ್ಲಾರ್ಕ್ ಕೆಂಟ್ ಹಾಗೇ. ನನ್ನ ವಯಸ್ಸಿನವರು ಗಂಗಾಧರನನ್ನು ನೋಡಿ ನಕ್ಕವರೇ. ಆದರೆ ಈ ವಿದ್ಯೆ ನಮಗೆ ಹೊಸದಾ? ವಿರಾಟನಗರದಲ್ಲಿ ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿದ್ದ. ಶಮೀವೃಕ್ಷದ ಹತ್ತಿರ ಉತ್ತರಕುಮಾರನಿಗೆ ‘ನಾನೇ ಅರ್ಜುನ’ ಅಂದಾಗ ಆ ಹುಡುಗ ನಂಬಲಿಲ್ಲ. ಹತ್ತು ಹೆಸರು ಹೇಳು, ಒಂದೊಂದಕ್ಕೂ ಕಾರಣ ಹೇಳು ಅಂದ. ಅರ್ಜುನ ಹೇಳಿದ. ಗುಡುಗಿದಾಗ ಮನೆಯ ಅಜ್ಜಿಯರು ಮಕ್ಕಳ ಕೈಲಿ ಹೇಳಿಸುತ್ತಿದ್ದದ್ದು ಅವೇ ಹೆಸರು. ಅಜ್ಞಾತವಾಸ ಮುಗಿದದ್ದಕ್ಕೆ ಸಾಕ್ಷಿ ಏನು? ತನ್ನ ಹೆಸರನ್ನು ತಾನೇ, ತನ್ನ ಬಾಯಿಂದಲೇ ಹೇಳೋದು.

2008ರಲ್ಲಿ ‘ಐರನ್ ಮ್ಯಾನ್’ ಸಿನಿಮಾದ ಟೋನಿ ಸ್ಟಾರ್ಕ್ ಮಾಡಿದ್ದೂ ಅದನ್ನೇ. ಅಧಿಕಾರಿಗಳು ಕೈಗಿಟ್ಟ ಸುಳ್ಳು ಹೇಳಿಕೆ ಬದಿಗಿಟ್ಟು, ಪತ್ರಿಕಾಗೋಷ್ಠಿಯಲ್ಲೇ ತಾನೇ ಐರನ್ ಮ್ಯಾನ್ ಅಂದುಬಿಟ್ಟ. ಮುಚ್ಚಿಡೋ ಕಾಲ ಮುಗೀತು ಅನ್ನಿಸಿತು. ಆದರೆ 2021ರ ‘ನೋ ವೇ ಹೋಮ್’ನಲ್ಲಿ ಸ್ಪೈಡರ್‌ಮ್ಯಾನ್ ಲೋಕವನ್ನು ಉಳಿಸೋದಕ್ಕೆ ತೆತ್ತ ಬೆಲೆ ಏನು? ಪೀಟರ್ ಪಾರ್ಕರ್ ಅನ್ನೋ ಹುಡುಗ ಎಲ್ಲರ ನೆನಪಿನಿಂದ ಅಳಿಸಿಹೋದ. ಗೆಳತಿಗೂ ಗೊತ್ತಿಲ್ಲ, ಗೆಳೆಯನಿಗೂ ಗೊತ್ತಿಲ್ಲ. ಥಿಯೇಟರ್‌ನಲ್ಲಿ ಹುಡುಗರು ಕಣ್ಣೊರೆಸಿಕೊಂಡರು. ಪೀಟರ್ ಅದಕ್ಕೆ ತಾನಾಗಿ ಒಪ್ಪಿಕೊಂಡಿದ್ದ. ಬಿಲ್ ಫಿಂಗರ್ ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ವ್ಯತ್ಯಾಸ ಇರೋದು ಇಲ್ಲೇ. ನಾನೇ ಆರಿಸಿ ಹಾಕಿಕೊಂಡರೆ ಅದು ಮುಖವಾಡ. ಬೇರೆಯವರು ನನ್ನ ಮುಖದ ಮೇಲೆ ಪರದೆ ಎಳೆದರೆ ಅದು ಅನ್ಯಾಯ. ಸುದ್ದಿ ಓದುವಾಗ ಪರದೆಯ ಮೇಲೆ ಕಾಣೋದು ನನ್ನೊಬ್ಬನ ಮುಖ. ಅದನ್ನು ಬರೆದವರು, ಕ್ಯಾಮೆರಾ ಹಿಡಿದವರು, ರಾತ್ರಿಯಿಡೀ ಎಡಿಟ್ ಮಾಡಿದವರು ನಿಮಗೆ ಕಾಣಲ್ಲ. ಸಿನಿಮಾದಲ್ಲೂ ಹಾಗೇ. ಮುಂದಿನ ಸಲ ಸೂಪರ್‌ಹೀರೋ ಸಿನಿಮಾಗೆ ಹೋದಾಗ ಕಥೆ ಮುಗಿದ ತಕ್ಷಣ ಪಾರ್ಕಿಂಗ್‌ಗೆ ಓಡಬೇಡಿ. ಎರಡು ನಿಮಿಷ ಕೂತು, ಓಡುವ ಆ ಸಣ್ಣ ಅಕ್ಷರಗಳನ್ನು ಓದಿ. ಅದರಲ್ಲಿ ಒಂದೊಂದು ಹೆಸರು ಅಲ್ಲಿಗೆ ಬರೋಕೆ 41 ವರ್ಷ ಕಾದಿರುತ್ತೆ.