ಉಡಿಗೆ ಹಾಕಿದ ಕೂಸು, ಕೊಂಡು ತಂದ ಕೂಸು



ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ‘ದತ್ತಕ’ ಎಂಬ ಗ್ರಂಥದ ಶಬ್ದಕ್ಕಿಂತ ‘ಉಡಿಯಾಗ ಹಾಕಿದರು’ ಎಂಬ ಮಾತು ಜನರ ಬಾಯಿಗೆ ಹತ್ತಿರವಾದುದು. ಹೆತ್ತವಳು ತನ್ನ ಕೂಸನ್ನೆತ್ತಿ ಮತ್ತೊಬ್ಬಳ ಉಡಿಯಲ್ಲಿಡುತ್ತಾಳೆ. ಬಂಧುಗಳು ಸುತ್ತ ಕುಳಿತು ಸಾಕ್ಷಿಯಾಗುತ್ತಾರೆ. ಹೆತ್ತವಳಿಗೆ ಸೀರೆ ಕುಪ್ಪಸ, ಹೆತ್ತವನಿಗೆ ಧೋತರ ರುಮಾಲು ಆಯೇರಿಯಾಗುತ್ತದೆ. ಊಟವೂ ಆಗುತ್ತದೆ. ಇಂಥ ಮಂಗಳಕಾರ್ಯದಲ್ಲಿ ಲೆಕ್ಕಪತ್ರದ ಮಾತು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆದರೆ ದತ್ತಕದ ಪ್ರಕರಣವು ಅಪ್ಪಣೆಗಾಗಿ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಾಧೀಶರು ತಿಳಿದುಕೊಳ್ಳಲೇಬೇಕಾದ ಸಂಗತಿಗಳಲ್ಲಿ ಒಂದು ಇದು: ಈ ಮಗುವಿಗಾಗಿ ಯಾರು ಯಾರಿಗೆ ಏನು ಕೊಟ್ಟರು, ಏನು ಕೊಡುವುದಾಗಿ ಒಪ್ಪಿಕೊಂಡರು?

ಈ ಪ್ರಶ್ನೆಯಿಂದ ಮನಸ್ಸು ನೋಯಿಸಿಕೊಳ್ಳುವವರುಂಟು. ಮಕ್ಕಳಿಲ್ಲದ ಮನೆಗೆ ಮಗು ಬರುವಾಗ ಹಣದ ಮಾತೆತ್ತುವುದು ಪರದೇಶದಿಂದ ಬಂದ ಸಂಶಯಬುದ್ಧಿ ಎನ್ನುವವರೂ ಉಂಟು. ಇತಿಹಾಸವನ್ನು ನೋಡಿದರೆ ಹಾಗೆ ಹೇಳಲು ಬರುವುದಿಲ್ಲ. ಈ ಪ್ರಶ್ನೆ ನಮ್ಮ ಧರ್ಮಶಾಸ್ತ್ರದಷ್ಟೇ ಹಳೆಯದು. ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿಯೇ ಅದರ ವಿಚಾರ ನಡೆದಿತ್ತು.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಅರ್ಧ ಶತಮಾನ ಕಲ್ಯಾಣದಿಂದ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಆ ಸ್ಮೃತಿಯಲ್ಲಿ 12 ಬಗೆಯ ಪುತ್ರರ ಎಣಿಕೆಯುಂಟು. ಅವರಲ್ಲಿ ‘ದತ್ತಕ’ನೂ ‘ಕ್ರೀತ’ನೂ ಅಕ್ಕಪಕ್ಕದಲ್ಲಿಯೇ ನಿಂತಿದ್ದಾರೆ. ತಂದೆ ತಾಯಿಗಳು ಕೊಟ್ಟವನು ದತ್ತಕ. ಅದೇ ತಂದೆ ತಾಯಿಗಳು ಮಾರಿದವನು ಕ್ರೀತ. ಮಗು ಅದೇ, ಮನೆಗಳು ಅವೇ. ನಡುವೆ ಬೆಲೆ ನಿಂತಿತೇ ಇಲ್ಲವೇ ಎಂಬುದೊಂದೇ ಇಬ್ಬರ ಭೇದ.

ಈ ವಿಷಯದಲ್ಲಿ ಪ್ರಾಚೀನರೆಲ್ಲ ಒಂದೇ ಅಭಿಪ್ರಾಯದವರಾಗಿರಲಿಲ್ಲ. ಮಗುವನ್ನು ಕೊಡುವ, ಮಾರುವ, ತ್ಯಜಿಸುವ ಅಧಿಕಾರವು ಹೆತ್ತವರಿಗುಂಟೆಂದು ವಸಿಷ್ಠ ಧರ್ಮಸೂತ್ರ ಹೇಳಿತು. ಸಂತಾನದ ವಿಷಯದಲ್ಲಿ ದಾನವೂ ಇಲ್ಲ, ಕ್ರಯವೂ ಇಲ್ಲವೆಂದು ಆಪಸ್ತಂಬನು ಖಂಡಿಸಿದನು. ಮುಂದೆ ಬಂದ ನಿಬಂಧಕಾರರು ಇಬ್ಬರ ನಡುವಣ ದಾರಿ ಹಿಡಿದು, ಕಲಿಯುಗದಲ್ಲಿ ಔರಸ, ದತ್ತಕರಲ್ಲದೆ ಬೇರೆಯವರನ್ನು ಪುತ್ರರೆಂದು ಸ್ವೀಕರಿಸಬಾರದೆಂದರು. ಕೊಡುವುದು ಉಳಿಯಿತು, ಕೊಳ್ಳುವುದು ನಿಷೇಧವಾಯಿತು.

ವಿಜ್ಞಾನೇಶ್ವರನ ಇನ್ನೊಂದು ಮಾತು ನೆನಪಿಡತಕ್ಕದ್ದು. ಹೆತ್ತವರು ಮಗುವನ್ನು ‘ಆಪತ್ತಿನಲ್ಲಿ’ ಕೊಡಬಹುದೆಂದು ಮನುವು ಹೇಳಿದ್ದಾನಷ್ಟೆ. ಆ ಶಬ್ದವನ್ನು ಹಿಡಿದು ಮಿತಾಕ್ಷರಾಕಾರನು, ಆಪತ್ತಿಲ್ಲದಿದ್ದರೆ ಕೊಡಕೂಡದು, ಈ ನಿಷೇಧವು ಕೊಡುವವನಿಗೆ ಸಂಬಂಧಿಸಿದ್ದು ಎಂದು ಅರ್ಥಮಾಡಿದನು. ಆಪತ್ತೆಂದರೇನೆಂಬುದನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರ ವರೆಗಿನ ಕ್ಷಾಮ, ಈ ನಾಡನ್ನು ಸುಟ್ಟಿತು. ಕೂಸಿಗೆ ಒಂದು ತುತ್ತು ಸಿಕ್ಕೀತೆಂದು ತಾಯಿ ಅದನ್ನು ಕೊಡುವ ಕಾಲವೂ ಆಪತ್ತಿನದೇ. ಕೊಳ್ಳುವವನ ಕೈ ಮೇಲಾಗುವ ಕಾಲವೂ ಅದೇ. ಕೊಟ್ಟವಳು ಮನಸಾರೆ ಕೊಟ್ಟಳೋ, ಹಸಿವಿಗೆ ಮಣಿದು ಮಾರಿದಳೋ ಎಂದು ಕೇಳುವವರು ಒಬ್ಬರು ಬೇಕು.

ಹಾಗಾದರೆ ಕೇಳುವವರು ಯಾರು? ವಸಿಷ್ಠನಲ್ಲಿಯೇ ಉತ್ತರವಿದೆ. ದತ್ತಕ ತೆಗೆದುಕೊಳ್ಳುವವನು ಬಂಧುಗಳನ್ನು ಕರೆಯಿಸಬೇಕು, ರಾಜನಿಗೆ ಅರಿಕೆ ಮಾಡಬೇಕು, ಬಳಿಕ ಮನೆಯ ನಡುವೆ ಹೋಮ ಮಾಡಿ ಸ್ವೀಕರಿಸಬೇಕು ಎಂಬುದು ಅವನು ಹೇಳಿದ ಕ್ರಮ. ರಾಜನಿಗೆ ಅರಿಕೆ ಮಾಡಬೇಕೆಂಬ ಮಾತನ್ನು ಗಮನಿಸಿರಿ. ಮಗು ಮನೆ ಬದಲಾಯಿಸುವುದು ಎರಡು ಮನೆಗಳ ಗುಟ್ಟಾಗಿ ಉಳಿಯಬಾರದು, ನಾಡಿನ ಕಿವಿಗೂ ಬೀಳಬೇಕು ಎಂಬುದು ಅದರ ತಾತ್ಪರ್ಯ. ನ್ಯಾಯಾಲಯಕ್ಕೆ ವಿವರ ಸಲ್ಲಿಸುವ ಇಂದಿನ ಪದ್ಧತಿಯ ಬೇರು ಇಲ್ಲಿಯೇ ಕಾಣಬರುತ್ತದೆ.

ಆದರೆ ಕಾಲಕ್ರಮದಲ್ಲಿ ಈ ಅರಿಕೆಯ ಅರ್ಥ ಕೆಟ್ಟಿತು. ಮಗುವಿನ ಹಿತ ನೋಡಬೇಕಾದ ಅರಸು ಮನೆತನದ ಆಸ್ತಿಯ ಮೇಲೆ ಕಣ್ಣಿಟ್ಟಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡಲಿಲ್ಲ. ಮುಂದೆ ನಡೆದ ಕಾಳಗ ನಿಮಗೆ ತಿಳಿದದ್ದೇ. ಡಾಲ್‌ಹೌಸಿಯ ಕಾಲದಲ್ಲಿ ಆ ಧೋರಣೆಯೇ ರಾಜನೀತಿಯಾಯಿತು. ನರಗುಂದದ ಬಾಬಾಸಾಹೇಬನು 1858ರಲ್ಲಿ ಬಂಡೇಳುವುದಕ್ಕೂ ದತ್ತಕದ ನಿರಾಕರಣೆ ಒಂದು ಕಾರಣವಾಯಿತು. ಆಗ ಈ ರಾಯಚೂರು ದೋಆಬು ಸಹ ಇಂಗ್ಲಿಷರ ಕೈಯಲ್ಲಿತ್ತು. 1853ರಲ್ಲಿ ನಿಜಾಮರಿಂದ ಅವರಿಗೆ ಹೋದದ್ದು 1860ರಲ್ಲಿ ನಿಜಾಮರಿಗೆ ಮರಳಿತು. ಅಲ್ಲಿಂದ ಮುಂದೆ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಮುರಿದು ರಾಯಚೂರು, ಗುಲ್ಬರ್ಗಾಗಳಿಗೆ ಹಂಚಿದರು.

ಇದೇ ಕಾಲದಲ್ಲಿ ಮಿತಾಕ್ಷರಾ ವಿಚಿತ್ರವಾದ ಪ್ರವಾಸ ಮಾಡಿತು. ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದನು. ಕಲ್ಯಾಣದಲ್ಲಿ ಹುಟ್ಟಿದ ಶಾಸ್ತ್ರವು ಕಲ್ಕತ್ತೆ, ಲಂಡನ್ನುಗಳನ್ನು ಸುತ್ತಿ ತೀರ್ಪುಗಳ ರೂಪದಲ್ಲಿ ಹಿಂತಿರುಗಿತು. ಇತ್ತ ಹೈದರಾಬಾದು ಸಂಸ್ಥಾನದ ಕಚೇರಿಗಳಲ್ಲಿ ಉರ್ದು ನಡೆಯುತ್ತಿದ್ದುದರಿಂದ ದತ್ತುಮಗನು ಕಾಗದದಲ್ಲಿ ‘ಮುತಬನ್ನಾ’ ಆದನು.

ಬ್ರಿಟಿಷ್ ಭಾರತದ ಕೋರ್ಟುಗಳಲ್ಲಿ ಹಣದ ಪ್ರಶ್ನೆ ಮತ್ತೆ ತಲೆಯೆತ್ತಿತು. ದ್ರಾವಿಡ ಸಂಪ್ರದಾಯದಲ್ಲಿ, ಗಂಡನ ಅಪ್ಪಣೆಯಿಲ್ಲದ ವಿಧವೆ ದತ್ತಕ ತೆಗೆದುಕೊಳ್ಳಬೇಕಾದರೆ ದಾಯಾದಿಗಳ ಒಪ್ಪಿಗೆ ಬೇಕಾಗಿತ್ತು. ಒಪ್ಪಿಗೆ ಬೇಕಾದಲ್ಲಿ ಅದನ್ನು ಕೊಳ್ಳುವವರೂ ಹುಟ್ಟಿಕೊಂಡರು. ಲಂಚಕ್ಕೆ ಮಾರಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬುದು ನ್ಯಾಯಾಧೀಶರ ನಿಲುವಾಯಿತು. ಹೆತ್ತ ತಂದೆಗೆ ಹಣ ಕೊಡುವ ಕರಾರನ್ನು ಕೋರ್ಟು ಜಾರಿಮಾಡಿಕೊಡುವುದಿಲ್ಲವೆಂದೂ, ಆದರೆ ವಿಧಿಪೂರ್ವಕ ನಡೆದುಹೋದ ದತ್ತಕವು ಅಷ್ಟರಿಂದಲೇ ಕೆಡುವುದಿಲ್ಲವೆಂದೂ ಸ್ಥೂಲವಾಗಿ ನಿರ್ಣಯವಾಯಿತು. ಹಿರಿಯರ ತಪ್ಪಿಗೆ ಮಗು ಬೀದಿಪಾಲಾಗಬಾರದೆಂಬ ದೃಷ್ಟಿಯಿಂದ ಇದು ಸರಿಯೇ. ಆದರೆ ಒಂದು ಕೊರತೆ ಉಳಿಯಿತು. ಮಗು ಮನೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಆಸ್ತಿಯ ಜಗಳದಲ್ಲಿ ಮಾತ್ರ ಹಣದ ಮಾತು ಹೊರಬೀಳುತ್ತಿತ್ತು. ಮೊದಲೇ ಕೇಳುವವರಿರಲಿಲ್ಲ.

ಈ ಕೊರತೆಯನ್ನು ತುಂಬಲೆತ್ನಿಸಿದ ವರ್ಷ 1956. ಆ ವರ್ಷದ ನವೆಂಬರ್ 1ರಂದು ಸಿಂಧನೂರು, ಲಿಂಗಸುಗೂರುಗಳು ರಾಯಚೂರು ಜಿಲ್ಲೆಯೊಡನೆ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಇಂದು ತಾನೇ ತಾಲ್ಲೂಕಾಗಿರುವ ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಸರಿಯಾಗಿ 50 ದಿನಗಳ ಬಳಿಕ, ಡಿಸೆಂಬರ್ 21ರಂದು, ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಜಾರಿಗೆ ಬಂತು. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಸಹ ಇದರ ವ್ಯಾಪ್ತಿಯಲ್ಲಿದ್ದಾರೆ. ದತ್ತಹೋಮ ಕಡ್ಡಾಯವಲ್ಲವೆಂದು ಈ ಕಾನೂನು ಹೇಳಿತು. ಮಗುವನ್ನು ನಿಜವಾಗಿ ಕೊಟ್ಟು ನಿಜವಾಗಿ ತೆಗೆದುಕೊಳ್ಳುವುದು ಮಾತ್ರ ಅವಶ್ಯವೆಂದಿತು. ನಮ್ಮ ಜನರ ‘ಉಡಿಯಲ್ಲಿ ಹಾಕುವ’ ಮಾತು ಹೀಗೆ ಶಾಸನದ ಹೃದಯವಾಯಿತು. ಹೆಣ್ಣುಮಗುವನ್ನೂ ದತ್ತಕ ತೆಗೆದುಕೊಳ್ಳುವ ಬಾಗಿಲು ತೆರೆಯಿತು.

ಹಣದ ವಿಷಯದಲ್ಲಿ ಈ ಅಧಿನಿಯಮದ ಎರಡು ಕಲಮುಗಳು ಮುಖ್ಯ. 17ನೆಯ ಕಲಮಿನಂತೆ ದತ್ತಕದ ಪ್ರತಿಫಲವಾಗಿ ಯಾರೂ ಹಣವನ್ನಾಗಲಿ ಬೇರೆ ಬಹುಮಾನವನ್ನಾಗಲಿ ಕೊಡಕೂಡದು, ತೆಗೆದುಕೊಳ್ಳಕೂಡದು. ತಪ್ಪಿದರೆ 6 ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. 9ನೆಯ ಕಲಮು ಪೋಷಕನು ಮಗುವನ್ನು ಕೊಡುವ ಸಂದರ್ಭದ್ದು. ತಂದೆ ತಾಯಿ ತೀರಿಕೊಂಡ ಮಗು, 1962ರ ತಿದ್ದುಪಡಿಯ ಬಳಿಕ ತೊರೆದುಹೋದ ಮಗು, ಹೆತ್ತವರಾರೆಂದು ತಿಳಿಯದ ಮಗು, ಇಂಥವರನ್ನು ಕೊಡಬೇಕಾದರೆ ಪೋಷಕನು ಮೊದಲು ನ್ಯಾಯಾಲಯದ ಅಪ್ಪಣೆ ಪಡೆಯಬೇಕು. ನಮ್ಮ ಸೀಮೆಯವರಿಗೆ ಅದು ರಾಯಚೂರಿನ ಜಿಲ್ಲಾ ನ್ಯಾಯಾಲಯ. ದತ್ತಕವು ಮಗುವಿನ ಹಿತಕ್ಕೆ ಆಗಿದೆಯೇ ಎಂಬುದರ ಜೊತೆಗೆ, ನ್ಯಾಯಾಲಯವು ತಾನು ಒಪ್ಪಿದ್ದರ ಹೊರತು ಅರ್ಜಿದಾರನಿಗೆ ಯಾವ ಹಣವೂ ಸಂದಿಲ್ಲ, ಸಲ್ಲುವ ಒಪ್ಪಂದವೂ ಇಲ್ಲ ಎಂಬುದನ್ನು ಮನಗಾಣಬೇಕು. ಇಂಗ್ಲೆಂಡಿನ 1926ರ ದತ್ತಕ ಶಾಸನದಲ್ಲಿ ಹೆಚ್ಚುಕಡಮೆ ಇದೇ ಮಾತುಗಳಿವೆ. ಆದರೆ ಇಂಗ್ಲೆಂಡಿನಲ್ಲಿ ಕಾನೂನುಬದ್ಧ ದತ್ತಕವೆಂಬುದು ಆರಂಭವಾದದ್ದೇ ಆ ವರ್ಷ. ದತ್ತಕ ಕ್ರೀತರ ಭೇದವನ್ನು ಕಲ್ಯಾಣದ ಪಂಡಿತನು ವಿವರಿಸಿ ಆಗಲೇ 800 ವರ್ಷಗಳಾಗಿದ್ದವು.

‘ತಾನು ಒಪ್ಪಿದ್ದರ ಹೊರತು’ ಎಂಬ ಮಾತಿನಲ್ಲಿ ವಿವೇಕವಿದೆ. ಖರ್ಚು ಬೇರೆ, ಬೆಲೆ ಬೇರೆ. ಮಗುವಿನ ಹಾಲು, ಔಷಧ, ವೈದ್ಯಕೀಯ ತಪಾಸಣೆ, ಅರ್ಜಿಯ ವೆಚ್ಚ ಇವು ಖರ್ಚು. ಇವನ್ನು ಯಾರಾದರೂ ಭರಿಸಲೇಬೇಕು. ಅನಾಥ ಮಕ್ಕಳನ್ನು ಹೊರದೇಶಗಳಿಗೆ ಕಳಿಸುವ ಸಂಸ್ಥೆಗಳಲ್ಲಿ ಅವ್ಯವಹಾರವಿದೆಯೆಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಸುಪ್ರೀಂ ಕೋರ್ಟು 1984ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಭಗವತಿಯವರು. ಸಂಸ್ಥೆಗಳಿಗೆ ಏನನ್ನೂ ಕೊಡಬಾರದೆಂದು ಆ ತೀರ್ಪು ಹೇಳಲಿಲ್ಲ. ಅರ್ಜಿ, ವರದಿ, ಪಾಸ್‌ಪೋರ್ಟು ಮೊದಲಾದ ವೆಚ್ಚವನ್ನು ನ್ಯಾಯಾಲಯವೇ 6,000 ರೂಪಾಯಿ ಮೀರದಂತೆ ಗೊತ್ತುಮಾಡಬಹುದು, ಮಗುವಿನ ಪಾಲನೆಗೆ ದಿನಕ್ಕೆ 60 ರೂಪಾಯಿ ಮೀರದಂತೆ ಪಡೆಯಬಹುದು ಎಂದಿತು. ಬೆಳಕಿಗೆ ತಂದ ಖರ್ಚಿಗೆ ಮಿತಿ ಹಾಕಬಹುದು. ಕತ್ತಲೆಯಲ್ಲಿ ನಡೆದ ವ್ಯವಹಾರಕ್ಕೆ ಮಿತಿಯೆಲ್ಲಿ?

1993ರ ಹೇಗ್ ಒಡಂಬಡಿಕೆಯೂ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಭಾರತವು ಅದನ್ನು 2003ರಲ್ಲಿ ಸ್ಥಿರೀಕರಿಸಿತು. ಬಾಲನ್ಯಾಯದ ಕಾನೂನಿನಡಿ ಯಾವ ಮತದವರಾದರೂ ದತ್ತಕ ತೆಗೆದುಕೊಳ್ಳಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2015ರ ಬಾಲನ್ಯಾಯ ಅಧಿನಿಯಮವು ನಿಯಮಗಳಲ್ಲಿ ಹೇಳಿದ ಶುಲ್ಕದ ಹೊರತು ಯಾವ ಹಣವೂ ಕೈ ಬದಲಾಯಿಸಿಲ್ಲವೆಂದು ಖಾತ್ರಿಯಾಗದೆ ದತ್ತಕದ ಆಜ್ಞೆ ಹೊರಡಕೂಡದೆಂದಿತು. ಮಗುವನ್ನು ಮಾರುವ, ಕೊಳ್ಳುವ ಅಪರಾಧಕ್ಕೆ 5 ವರ್ಷಗಳವರೆಗೆ ಕಠಿಣ ಶಿಕ್ಷೆಯುಂಟು. 2022ರ ಸೆಪ್ಟೆಂಬರಿನಿಂದ ಈ ಕಾನೂನಿನ ದತ್ತಕದ ಆಜ್ಞೆ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗಳಿಗೆ ಬಂದಿದೆ. ಕೇಳುವ ಕುರ್ಚಿ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಹೆತ್ತವರೇ ನೇರವಾಗಿ ಮಗುವನ್ನು ಕೊಡುವಾಗ 1956ರ ಕಾನೂನಿನಂತೆ ನ್ಯಾಯಾಲಯದ ಅಪ್ಪಣೆ ಬೇಡ. ಆದರೆ 17ನೆಯ ಕಲಮು ಅವರಿಗೂ ಅನ್ವಯಿಸುತ್ತದೆ. ಅಲ್ಲಿ ಕೇಳುವವರು ಬಂಧುಬಳಗದವರೇ. ಹೆತ್ತವಳಿಗುಟ್ಟ ಸೀರೆಯನ್ನು ಯಾರೂ ಬೆಲೆಯೆನ್ನಲಾರರು. ಆದರೆ ಆಯೇರಿಯ ತಟ್ಟೆಯಲ್ಲಿ ಸಾಲದ ಪತ್ರ ಹರಿದು ಹಾಕಿದರೆ, ಎಕರೆ ಹೊಲದ ಮಾತು ಬಂದರೆ, ನಡುವೆ ನಿಂತವನು ತನ್ನ ಪಾಲು ಕೇಳಿದರೆ, ಅಲ್ಲಿ ದತ್ತಕ ಮುಗಿದು ಕ್ರೀತ ಆರಂಭವಾಯಿತೆಂದೇ ತಿಳಿಯಬೇಕು. ಛಾಪಾ ಕಾಗದದ ಮೇಲೆ ಬರೆಯಿಸಿದ ಮಾತ್ರಕ್ಕೆ ಆ ದೋಷ ಹೋಗುವುದಿಲ್ಲ. ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿ ನೋಂದಾಯಿಸಿದ ಪತ್ರವನ್ನು, ಸುಳ್ಳೆಂದು ಸಿದ್ಧವಾಗುವ ವರೆಗೆ, ಕೋರ್ಟು ನಂಬುತ್ತದೆ ನಿಜ. ಅಂಥ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು ಹಿರಿಯರ ಹೊಣೆ.

ಇನ್ನೊಂದು ಸಂಗತಿ. ಬೆಲೆಯು ಯಾವಾಗಲೂ ಉಳ್ಳವರ ಮನೆಯಿಂದ ಇಲ್ಲದವರ ಮನೆಗೆ ಹರಿಯುತ್ತದೆ. ಮಗು ಎದುರು ದಿಕ್ಕಿಗೆ ಹೋಗುತ್ತದೆ. ಆದ್ದರಿಂದ ಈ ಪ್ರಶ್ನೆಯು ಬಡವಳನ್ನು ಅವಮಾನಿಸುವುದಕ್ಕಲ್ಲ, ಅವಳ ಒಪ್ಪಿಗೆ ಅವಳದೇ ಆಗಿತ್ತೇ ಎಂದು ತಿಳಿಯುವುದಕ್ಕೆ. 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಕಂಡುಬಂದು, ಅಶೋಕನ ಹೆಸರನ್ನೇ ಹೇಳಿ ಲೋಕಪ್ರಸಿದ್ಧವಾದ ಬಂಡೆಶಾಸನದ ಸಾರವೂ ಇದಕ್ಕೆ ದೂರವಲ್ಲ: ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಚಿಕ್ಕವರಿಗೂ ಅದು ಲಭ್ಯ.

ಆದುದರಿಂದ ವಾಚಕರೇ, ನಿಮ್ಮ ಮನೆಗೋ ನೆಂಟರ ಮನೆಗೋ ದತ್ತಕದ ಮಗು ಬರುವುದಾದರೆ, ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿ ಇಡಿರಿ. ಅಧಿಕಾರಿಗಳು ಕೇಳಿದಾಗ ಸಂಕೋಚಪಡದೆ ಹೇಳಿರಿ. ಆ ಕೂಸು ದೊಡ್ಡದಾಗಿ ಒಂದು ದಿನ ತನ್ನ ಕಥೆ ಕೇಳಿಯೇ ಕೇಳುತ್ತದೆ. ‘ನಿನ್ನನ್ನು ಕೊಂಡು ತರಲಿಲ್ಲ, ನಮ್ಮ ಉಡಿಯಲ್ಲಿ ಹಾಕಿದರು’ ಎಂದು ತಲೆಯೆತ್ತಿ ಹೇಳುವುದಕ್ಕೆ ಆ ಲೆಕ್ಕದ ಕಾಗದವೇ ಆಧಾರವಾಗುತ್ತದೆ.